ಸುಂಕದ ಕಲ್ಲಿಗೆ ಹೋಗುವ ಬಗೆ

ಸಂಪತ್ಕುಮಾರ ಗ್ಯಾರೇಜಿನ ಬಾಗಿಲು ತೆರೆದು, ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಪಂಚೆಯನ್ನು ಮದುವೆಮನೆಯ ಅಂತರಪಟದ ಹಾಗೆ ಸರಕ್ಕನೆ ಸರಿಸಿದಾಗ, ಮರುಳಸಿದ್ದಪ್ಪನಿಗೆ ಮೊದಲು ಕಂಡದ್ದು ಒಂದು ಆರಾಮಕುರ್ಚಿ. ಅದು ಅರಸೀಕೆರೆ ಸ್ಟೇಷನ್ನಿನ ವೆಯ್ಟಿಂಗ್ ರೂಮಿನದು, ಹರಾಜಿನಲ್ಲಿ ಕೊಂಡದ್ದು. ಕುರ್ಚಿಯ ಮೇಲೆ ಒಂದು ಹಿತ್ತಾಳೆ ತಂಬಿಗೆ ಬೋರಲಾಗಿ ತೂಗುತ್ತಿತ್ತು. ಪಕ್ಕದಲ್ಲಿ ಸೀಲಿಂಗ್ ಫ್ಯಾನಿನ ರೆಗ್ಯುಲೇಟರು, ಹಿಂದೆ ಪ್ರೆಷರ್ ಕುಕ್ಕರು, ಕೆಳಗೆ ವೈರುಗಳ ಗೊಂಚಲಿನ ನಡುವೆ ಮುಚ್ಚಳವಿದ್ದ ಒಂದು ದೊಡ್ಡ ಸ್ಟೀಲ್ ಡಬ್ಬ.

"ಪ್ರಯಾಣ ರುಚಿ ಯಂತ್ರ!" ಎಂದು ಸಂಪತ್ಕುಮಾರ ಎದೆಯುಬ್ಬಿಸಿದ. "ಇನ್ನು ಮೇಲೆ ಜಗಳ ಇಲ್ಲ ಕಣ್ರೋ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೋಡಲ್ವಾ? ಹಾಗೇ ಇದು. ಕೂತರೆ ಪ್ರಯಾಣದ ಒಂದು ತೊಟ್ಟು ಸಿಗುತ್ತೆ. ರೈಲು, ಬಸ್ಸು, ಜೀಪು, ಮೂರನ್ನೂ ರುಚಿ ನೋಡಿ. ಯಾವುದು ಒಗ್ಗುತ್ತೋ ಅದರಲ್ಲಿ ಹೋಗೋಣ."

ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ಅಲಮೇಲಮ್ಮ, ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ ಎಂದಳು. ಆಮೇಲೆ ಕುರ್ಚಿಯ ಕೆಳಗೆ ಬಗ್ಗಿ ನೋಡಿ, "ಅಯ್ಯೋ, ನನ್ನ ಡಬ್ಬ!" ಎಂದಳು.

ಆ ಡಬ್ಬದ ಸಂಗತಿಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಅಲಮೇಲಮ್ಮ ಅದರಲ್ಲಿ ಯಾರ ಮನೆಗೆ ಏನು ಕಳಿಸಿದರೂ ಅವರು ಅದನ್ನು ಖಾಲಿ ಹಿಂದಿರುಗಿಸುತ್ತಿರಲಿಲ್ಲ. ಅವಳೂ ಯಾರ ಪಾತ್ರೆಯನ್ನೂ ಖಾಲಿ ಕೊಟ್ಟವಳಲ್ಲ. ಪುಳಿಯೋಗರೆ ಹೋದರೆ ಹೋಳಿಗೆ ಬರುತ್ತಿತ್ತು, ಹೋಳಿಗೆ ಹೋದರೆ ನುಗ್ಗೇಕಾಯಿ. ಏನೂ ಇಲ್ಲದ ಮನೆಯವರು ಕೊನೆಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಕೊಡುತ್ತಿದ್ದರು. ಹೀಗೆ ಆ ಡಬ್ಬ ಬೀದಿಯಲ್ಲಿ ಓಡಾಡಿದಷ್ಟು ಪೋಸ್ಟ್‌ಮ್ಯಾನ್ ಕೂಡ ಓಡಾಡಿರಲಿಲ್ಲ. ಅಂಥ ಡಬ್ಬಕ್ಕೆ ತಮ್ಮ ತೂತು ಕೊರೆದಿದ್ದ.

ಇನ್ನು ಜಗಳದ ಸಂಗತಿ. ಸುಂಕದ ಕಲ್ಲು ಎನ್ನುವುದು ಘಟ್ಟದ ನೆತ್ತಿಯಲ್ಲಿರುವ ಒಂದು ಜಾಗ. ಹಿಂದೆ ಹೇರೆತ್ತುಗಳ ಸಾಲು ಅಲ್ಲಿ ಸುಂಕ ಕಟ್ಟಿ ಕಾಡುದಾರಿಯಲ್ಲಿ ಘಟ್ಟ ಇಳಿದು ಸಮುದ್ರದ ಕಡೆಗೆ ಹೋಗುತ್ತಿತ್ತು. ಮರುಳಸಿದ್ದಪ್ಪನ ತಾತ ಕೊಬ್ಬರಿ ಹೇರಿಕೊಂಡು ಹೋಗಿ ಉಪ್ಪು ತರುತ್ತಿದ್ದದ್ದು ಅದೇ ದಾರಿಯಲ್ಲಿ. ಈಗ ಚಾರಣದವರು ಅದಕ್ಕೆ ಉಪ್ಪಿನ ದಾರಿ ಎಂದು ಹೆಸರಿಟ್ಟು, ಮರಗಳ ಮೇಲೆ ಬಾಣದ ಗುರುತು ಹಾಕಿ, ದಿನಗಟ್ಟಲೆ ನಡೆಯುತ್ತಾರೆ. ಮೂವರು ಗೆಳೆಯರು ಆ ದಾರಿಯನ್ನು ಪೂರ್ತಿ ನಡೆಯಬೇಕೆಂದು ಕಾಲೇಜಿನ ದಿನಗಳಲ್ಲೇ ಶಪಥ ಮಾಡಿದ್ದರು. ನಡೆಯುವುದಕ್ಕೆ ಯಾರ ತಕರಾರೂ ಇರಲಿಲ್ಲ. ನಡಿಗೆ ಶುರುವಾಗುವ ಜಾಗಕ್ಕೆ ಹೋಗುವುದು ಹೇಗೆ ಎಂಬಲ್ಲಿ ಮಾತ್ರ ತಕರಾರು.

ಸಂಪತ್ಕುಮಾರನ ಅಪ್ಪ ಸ್ಟೇಷನ್ ಮಾಸ್ಟರು. ಹಾಗಾಗಿ ರೈಲು ಬಿಟ್ಟರೆ ಬೇರೆ ವಾಹನಕ್ಕೆ ಚಕ್ರವೇ ಇಲ್ಲ ಎಂಬುದು ಅವನ ನಂಬಿಕೆ. ಮರುಳಸಿದ್ದಪ್ಪನ ಸೋದರಮಾವ ಬಸ್ಸಿನ ಮಾಲೀಕ. ಆ ಬಸ್ಸಿನ ಮುಂದಿನ ಸೀಟಿನಲ್ಲೇ ಬೆಳೆದವನು ರೈಲನ್ನು ಒಪ್ಪುವುದುಂಟೆ? ಮೂರನೆಯವನು ದಸ್ತಗೀರ್, ಜೀಪು ರಿಪೇರಿಯವನು. ರೈಲೂ ಬಸ್ಸೂ ನಿಮ್ಮನ್ನು ಸುಂಕದ ಕಲ್ಲಿನಿಂದ ಅಷ್ಟು ದೂರದಲ್ಲಿ ಇಳಿಸಿ ಕೈಬೀಸಿ ಹೋಗುತ್ತವೆ, ಜೀಪಾದರೆ ಕಲ್ಲಿಗೇ ಒರಗಿ ನಿಲ್ಲುತ್ತದೆ ಎಂದು ಅವನ ವಾದ. ಪ್ರತಿ ವರ್ಷ ಮಳೆ ನಿಂತ ಮೇಲೆ ಮೂವರೂ ಚೀಲ ಕಟ್ಟಿಕೊಂಡು ಸಂಪತ್ಕುಮಾರನ ಮನೆಯ ಜಗಲಿಗೆ ಬರುತ್ತಿದ್ದರು. ಅಲಮೇಲಮ್ಮ ದಾರಿಬುತ್ತಿಗೆಂದು ಪುಳಿಯೋಗರೆ ಕಲಸಿ ಕಟ್ಟಿಕೊಡುತ್ತಿದ್ದಳು. ವಾದ ಶುರುವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಸಿವಾಗಿ, ಬುತ್ತಿಯನ್ನು ಜಗಲಿಯ ಮೇಲೆಯೇ ಬಿಚ್ಚಿ ತಿಂದು, ಕೈ ತೊಳೆದು, ಮುಂದಿನ ವರ್ಷ ನೋಡೋಣ ಎಂದು ಮನೆಗೆ ಹೋಗುತ್ತಿದ್ದರು. ಹೀಗೆ ನಲವತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಸೋದರಮಾವನ ಬಸ್ಸು ಗುಜರಿಗೆ ಹೋಯಿತು, ದಸ್ತಗೀರನ ಗಡ್ಡ ಬೆಳ್ಳಗಾಯಿತು.

ಆದರೆ ಈ ವರ್ಷ ಮುಂದಿನ ವರ್ಷ ಎನ್ನುವಂತಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾಗಿದ್ದ ಮರುಳಸಿದ್ದಪ್ಪನ ಬಲಮಂಡಿ ಸವೆದಿತ್ತು. ದೀಪಾವಳಿ ಮುಗಿದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯತನಕ ಸಮ ನೆಲದಲ್ಲಿ ಮೆಲ್ಲಗೆ ಎಷ್ಟು ಬೇಕಾದರೂ ನಡೆಯಿರಿ, ಆಮೇಲೆ ಮಾತ್ರ ಗುಡ್ಡ ಗಿಡ್ಡ ಎಲ್ಲ ಮರೆತುಬಿಡಿ ಎಂದಿದ್ದರು. ತಾತ ನಡೆದ ದಾರಿಯಲ್ಲಿ ಈ ಇಬ್ಬರ ಜೊತೆ ನಡೆಯಬೇಕೆಂಬ ಆಸೆ ಬದುಕಿನಲ್ಲಿ ಉಳಿದಿದ್ದ ಒಂದೇ ಆಸೆಯಾಗಿ ಅವನಿಗೆ ಕಾಣತೊಡಗಿತ್ತು. ಅದನ್ನು ಗೆಳೆಯರಿಗೆ ಹೇಳಿದ್ದ. ಸಂಪತ್ಕುಮಾರ ಯಂತ್ರ ಕಟ್ಟಲು ಕೂತದ್ದೇ ಅದಕ್ಕಾಗಿ. ಅವನು ಹಿಂದೆ ಕಟ್ಟಿದ ತೆಂಗಿನಕಾಯಿ ತುರಿಯುವ ಯಂತ್ರ ಮನೆಯ ಕಿಟಕಿಯ ಪರದೆಗಳನ್ನೆಲ್ಲ ತುರಿದುಹಾಕಿದ್ದು ಗೊತ್ತಿದ್ದರೂ, ಈ ಸಲ ಮರುಳಸಿದ್ದಪ್ಪ ತಮಾಷೆ ಮಾಡದೆ ತಂಬಿಗೆಯ ಕೆಳಗೆ ತಲೆಯಿಟ್ಟ.

"ಎಲ್ಲಿಗೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೋ?" ಎಂದು ದಸ್ತಗೀರ್ ಕೇಳಿದ.

ಸಂಪತ್ಕುಮಾರ ಡಬ್ಬದ ಮುಚ್ಚಳ ತೆಗೆದು ತೋರಿಸಿದ. ಒಳಗೆ ಮರುಳಸಿದ್ದಪ್ಪನೇ ಎಂದೋ ಬರೆದ ಸುಂಕದ ಕಲ್ಲಿನ ಚಿತ್ರವನ್ನು ಅಂಟಿಸಿದ್ದ. ತಾತನ ಬಾಯಲ್ಲಿ ಕೇಳಿ ಬರೆದದ್ದು ಅದು: ಆಳೆತ್ತರದ ಕಲ್ಲು, ಅದರ ಮೇಲೆ ಕೆತ್ತಿದ ಒಂದು ಎತ್ತು. ಕೂತವನ ನೆನಪು ತಂಬಿಗೆಯಿಂದ ಇಳಿದು, ಡಬ್ಬದಲ್ಲಿ ಕುದಿದು, ಹೋಗಬೇಕಾದ ಜಾಗದ ಕಡೆಗೆ ಹರಿಯುತ್ತದೆ ಎಂದು ವಿವರಿಸಿದ. ಲೋಹಕ್ಕೆ ನೆನಪಿರುತ್ತದೆ ಎಂಬುದು ಅವನ ಸಿದ್ಧಾಂತ. ಕಾಲೇಜಿನ ಲ್ಯಾಬಿನಲ್ಲಿ ಇಡೀ ಆಯಸ್ಸು ಹುಡುಗರಿಗೆ ಸ್ಪ್ರಿಂಗು ಎಳೆದು ತೋರಿಸಿದವನು, ಅವನಿಗೆ ಎದುರಾಡುವ ವಿದ್ಯೆ ಅಲ್ಲಿ ಯಾರಿಗೂ ಇರಲಿಲ್ಲ.

ರೆಗ್ಯುಲೇಟರು ಒಂದಕ್ಕೆ ತಿರುಗಿತು. ಕುಕ್ಕರು ಕೂಗಿತು. ಅದು ಕುಕ್ಕರಿನ ಕೂಗಲ್ಲ, ಹಳೆಯ ಉಗಿಬಂಡಿಯ ಕೂಗು! ಮರುಳಸಿದ್ದಪ್ಪನಿಗೆ ಗ್ಯಾರೇಜು ಮಾಯವಾಗಿ, ಮರದ ಸೀಟು, ಕಬ್ಬಿಣದ ಸರಳಿನ ಕಿಟಕಿ, ಬೋಗಿಯ ತುಂಬ ವೀಳ್ಯದೆಲೆಯ ಬುಟ್ಟಿಗಳ ಹಸಿ ವಾಸನೆ ಬಂತು. ಪ್ಲಾಟ್‌ಫಾರಮ್ಮಿನ ಮೇಲೆ ಬಿಳಿಯ ಕೋಟು ತೊಟ್ಟು ಹಸಿರು ಬಾವುಟ ಹಿಡಿದ ಸ್ಟೇಷನ್ ಮಾಸ್ಟರು, ಸಂಪತ್ಕುಮಾರನ ಅಪ್ಪ, "ಏನೋ ಸಿದ್ದ, ತಲೆ ಒಳಗೆ ಹಾಕ್ಕೊ" ಎಂದು ಗದರಿಸಿದರು. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮರುಳಸಿದ್ದಪ್ಪ ಕುರ್ಚಿಯಿಂದ ಎದ್ದಾಗ ಕಣ್ಣು ಒದ್ದೆಯಾಗಿತ್ತು. ಕಣ್ಣಿಗೆ ಇದ್ದಿಲ ಕಿಡಿ ಬಿದ್ದಿದೆ ಎಂದು ನೆವ ಹೇಳೋಣವೆಂದುಕೊಂಡರೆ, ನಿಜಕ್ಕೂ ಬಿದ್ದಿತ್ತು! ಅಂಗಿಯ ತೋಳಿನ ಮೇಲೂ ಕರಿಯ ಪುಡಿ.

"ಇದು ಈಗಿನ ರೈಲಲ್ಲ ಕಣೋ," ಎಂದ ಅವನು ಮೆಲ್ಲಗೆ.

"ನೆನಪಿನಿಂದ ತಾನೇ ಸೋಸೋದು? ಹಳೇದೇ ಬರುತ್ತೆ. ಸಣ್ಣ ದೋಷ," ಎಂದು ಸಂಪತ್ಕುಮಾರ ತಾನು ಕೂತು, ರೆಗ್ಯುಲೇಟರನ್ನು ಎರಡಕ್ಕೆ ತಿರುಗಿಸಿದ. ಅವನಿಗೆ ಸೋದರಮಾವನ ಬಸ್ಸು ಬಂತು. ಶಾಲೆಗೆ ಹೋಗುವಾಗ ಮೂವರೂ ಪುಕ್ಕಟೆ ಹತ್ತುತ್ತಿದ್ದ ಬಸ್ಸು, ಬಾನೆಟ್ಟಿನ ಪಕ್ಕದ ಬಿಸಿ ಸೀಟು, ಏರಿನಲ್ಲಿ ಎಲ್ಲರೂ ಇಳಿದು ನೂಕುವಾಗಿನ ನಗು. ಇಳಿದ ಮೇಲೆ ಅವನ ಜುಟ್ಟಿನಲ್ಲಿ ಕೋಳಿಯ ಪುಕ್ಕವಿತ್ತು. ಅಯ್ಯಂಗಾರರ ಜುಟ್ಟಿನಲ್ಲಿ ಕೋಳಿಪುಕ್ಕ ಕಂಡ ಅಲಮೇಲಮ್ಮ ನೇರವಾಗಿ ಸ್ನಾನಕ್ಕೆ ನೀರು ಕಾಯಿಸಲು ಹೋದಳು. ದಸ್ತಗೀರ್ ಕೂತಾಗ ಅವನ ಉಸ್ತಾದನ ಜೀಪು ಬಂದು ಗ್ಯಾರೇಜಿನ ತುಂಬ ಕೆಂಪು ಧೂಳೆದ್ದಿತು. ಅವನ ಬಿಳಿಯ ಗಡ್ಡ ಗೋರಂಟಿ ಹಚ್ಚಿದ ಹಾಗಾಯಿತು. ಅಲ್ಲಿಗೆ ತೃಪ್ತನಾಗದೆ ಅವನು ರೈಲನ್ನೂ ಒಂದು ಸುತ್ತು ರುಚಿ ನೋಡಿ ಬಂದ.

ಈಗ ತೀರ್ಮಾನವಾಗಬೇಕಿತ್ತಲ್ಲ? ಆಗಲಿಲ್ಲ. ಸ್ಟೇಷನ್ ಮಾಸ್ಟರರನ್ನು ಕಂಡು ಬಂದ ಮರುಳಸಿದ್ದಪ್ಪ ಹೋದರೆ ರೈಲಿನಲ್ಲೇ ಎಂದ. ಸಂಪತ್ಕುಮಾರ ಬಸ್ಸಲ್ಲದೆ ಬೇರೆ ಮಾತೇ ಇಲ್ಲ ಎಂದ. ದಸ್ತಗೀರ್ ನಿಮ್ಮಿಬ್ಬರಲ್ಲಿ ಯಾರು ಗೆದ್ದರೂ ಸರಿ, ಜೀಪು ಮಾತ್ರ ಬೇಡ, ನನ್ನ ಸೊಂಟ ಹೋಯಿತು ಎಂದ. ನಲವತ್ತು ವರ್ಷದ ಜಗಳ ಹಾಗೇ ಉಳಿಯಿತು, ಜಗಳದವರು ಮಾತ್ರ ಪಕ್ಷ ಬದಲಿಸಿದ್ದರು. ಮರುಳಸಿದ್ದಪ್ಪ ಮಂಡಿ ಒತ್ತಿಕೊಂಡ. ಈ ವರ್ಷವೂ ಜಗಲಿಯ ಮೇಲೆಯೇ ಬುತ್ತಿ ಬಿಚ್ಚುತ್ತಾರೆ ಎಂದು ಅವನಿಗೆ ಅನ್ನಿಸಿತು.

ಅಲಮೇಲಮ್ಮ ಪಂಚಾಂಗ ತೆಗೆದಳು. ನಾಳೆ ಬೆಳಿಗ್ಗೆ ಬಿಟ್ಟರೆ ಹಬ್ಬದವರೆಗೂ ಪ್ರಯಾಣಕ್ಕೆ ಒಳ್ಳೆಯ ದಿನವಿಲ್ಲ. ನೀವು ಹೊರಡುವುದು ಯಾವಾಗಲಾದರೂ ಆಗಲಿ, ನಾನು ಪ್ರಸ್ಥಾನ ಇಡುತ್ತೇನೆ ಎಂದಳು. ಒಳ್ಳೆಯ ಮುಹೂರ್ತದಲ್ಲಿ ಹೊರಡಲಾಗದವರು ತಮ್ಮದೊಂದು ಬಟ್ಟೆಯನ್ನು ಗಂಟು ಕಟ್ಟಿ ಬೇರೆಯವರ ಸೂರಿನ ಕೆಳಗೆ ಇಟ್ಟುಬಿಟ್ಟರೆ ಹೊರಟ ಹಾಗೇ ಲೆಕ್ಕ. ಆಮೇಲೆ ಅನುಕೂಲ ನೋಡಿ ಗಂಟಿನ ಹಿಂದೆ ಹೋಗಬಹುದು. ಆದರೆ ಇಟ್ಟ ಮೇಲೆ ಪ್ರಯಾಣ ಬಿಡುವಂತಿಲ್ಲ, ಗಂಟನ್ನು ವಾಪಸು ಮನೆಗೆ ತರುವಂತಿಲ್ಲ.

ಮಾರನೆಯ ಬೆಳಿಗ್ಗೆ ಅವಳು ತಮ್ಮನ ಒಂದು ಪಂಚೆ, ಮರುಳಸಿದ್ದಪ್ಪನ ಟವೆಲು, ದಸ್ತಗೀರನ ಟೋಪಿ, ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಸೇರಿಸಿ ಗಂಟು ಕಟ್ಟಿದಳು. ಪಕ್ಕದ ಮನೆಯವರು ಮದುವೆಗೆ ಹೋಗಿ ಮನೆಗೆ ಬೀಗ ಹಾಕಿತ್ತು. ಆದರೆ ಸಂಪತ್ಕುಮಾರನ ಯಂತ್ರವಿದ್ದ ಗ್ಯಾರೇಜು ಅವರದೇ, ಬಾಡಿಗೆಗೆ ಹಿಡಿದದ್ದು. ಬೇರೆಯವರ ಸೂರು ಬೇರೆಯವರದೇ ತಾನೇ? ಮುಹೂರ್ತ ಮೀರುತ್ತಿದೆಯೆಂದು ಅಲಮೇಲಮ್ಮ ಗಂಟನ್ನು ತೆಗೆದುಕೊಂಡು ಹೋಗಿ ಆರಾಮಕುರ್ಚಿಯ ಮೇಲೆ ಇಟ್ಟು ಕೈಮುಗಿದಳು.

ಕುಕ್ಕರು ಒಂದು ಸಲ ಕೂಗಿತು. ಗಂಟು ಇರಲಿಲ್ಲ!

ಮೂವರೂ ಓಡಿ ಬಂದು ನೋಡುವಾಗ ಕುರ್ಚಿಯ ಮೇಲೆ ಗಂಟಿನ ಬದಲು ಇಬ್ಬನಿ ಒರಸದ ನಾಲ್ಕು ಹೇರಳೆಕಾಯಿ ಕೂತಿದ್ದವು. ಸಂಪತ್ಕುಮಾರ ಗಡ್ಡ ಕೆರೆದುಕೊಂಡು ಯೋಚಿಸಿ, ತಲೆಯಿರುವವರು ಕೂತರೆ ಪ್ರಯಾಣ ತಲೆಯೊಳಗೇ ನಡೆಯುತ್ತದೆ, ಗಂಟಿಗೆ ತಲೆಯಿಲ್ಲವಾದ್ದರಿಂದ ನಿಜವಾಗಿಯೇ ಹೋಗಿಬಿಟ್ಟಿದೆ ಎಂದ. ಹೇರಳೆಕಾಯಿ ಯಾಕೆ ಬಂತು ಎಂಬುದು ಅವನಿಗೆ ಹೊಳೆಯಲಿಲ್ಲ. ಅಲಮೇಲಮ್ಮನಿಗೆ ಹೊಳೆಯಿತು.

"ನನ್ನ ಡಬ್ಬ ಯಾವತ್ತು ಖಾಲಿ ವಾಪಸ್ ಬಂದಿದೆ?" ಎಂದಳು. "ಲೋಹಕ್ಕೆ ನೆನಪಿರುತ್ತೆ ಅಂತ ನೀನೇ ಅಲ್ಲವೇನೋ ಹೇಳಿದ್ದು?"

ಹೇರಳೆಕಾಯಿ ಕೊಟ್ಟವರಿಗೆ ನಾವು ಏನೂ ಕಳಿಸದಿದ್ದರೆ ಹೇಗೆ ಎಂದು ಅವಳು ಒಂದು ಬಾಳೆಲೆಯಲ್ಲಿ ಕೋಡುಬಳೆ ಸುತ್ತಿ ಕುರ್ಚಿಯ ಮೇಲಿಟ್ಟಳು. ಬೇಡ ಅಕ್ಕ ಎಂದು ಮೂವರೂ ಕೂಗಿಕೊಳ್ಳುವಷ್ಟರಲ್ಲಿ ಕೋಡುಬಳೆ ಹೋಗಿ ಒಂದು ಮೇಕೆ ಬಂತು. ಕೊರಳಲ್ಲಿ ಗಂಟೆ ಕಟ್ಟಿದ್ದ ಮೇಕೆ. ಅದು ಕುರ್ಚಿಯಿಂದ ಇಳಿಯುತ್ತಲೇ ಸಂಪತ್ಕುಮಾರನ ಯಂತ್ರದ ನಕ್ಷೆಯನ್ನು ತಿಂದಿತು, ನಂತರ ದಸ್ತಗೀರನ ಅಂಗಿಯ ಅಂಚನ್ನು ತಿಂದಿತು, ಕೊನೆಗೆ ಒಂದು ಹಸಿರು ವೈರನ್ನು ಸೇವಂತಿಗೆ ದಂಟಿನ ಹಾಗೆ ಅಗಿಯತೊಡಗಿತು. ಸಂಪತ್ಕುಮಾರ ಅದರ ಹಿಂದೆ, ದಸ್ತಗೀರ್ ಸಂಪತ್ಕುಮಾರನ ಹಿಂದೆ ಗ್ಯಾರೇಜಿನ ಸುತ್ತ ಓಡುತ್ತಿದ್ದರೆ, ಮರುಳಸಿದ್ದಪ್ಪ ಮಾತ್ರ ಗೋಡೆಗೆ ಒರಗಿ ಆ ಗಂಟೆಯ ಸದ್ದನ್ನೇ ಕೇಳುತ್ತ ನಿಂತಿದ್ದ. ತಾತನ ಹಟ್ಟಿಯಲ್ಲಿ ಹೇರೆತ್ತುಗಳ ಗಂಟೆಗಳು ಗೂಟಕ್ಕೆ ತೂಗುತ್ತಿದ್ದವು. ಗಾಳಿ ಬಂದಾಗ ತಾತ ಬೀಡಿ ಕೆಳಗಿಟ್ಟು ಕಿವಿಗೊಡುತ್ತಿದ್ದ. ಮುಂದಿನೆತ್ತಿನ ಗಂಟೆ ಕೇಳುತ್ತಿರುವ ತನಕ ದಾರಿ ತಪ್ಪಿಲ್ಲ ಎಂದು ಲೆಕ್ಕ ಮಗ, ಎನ್ನುತ್ತಿದ್ದ. ಎಷ್ಟು ವರ್ಷವಾಗಿತ್ತು ಆ ಮಾತು ನೆನಪಾಗಿ!

ಯಾರದೋ ಮೇಕೆಯನ್ನು ಇಟ್ಟುಕೊಳ್ಳುವುದು ಸರಿಯಲ್ಲವೆಂದು ಅಲಮೇಲಮ್ಮ ಅದರ ಬಾಯಿಗೆ ಒಂದು ಉಂಡೆ ಬೆಲ್ಲ ಕೊಟ್ಟು ಕುರ್ಚಿಗೆ ಹತ್ತಿಸಿದಳು. ಮೇಕೆಗೆ ತಲೆಯಿತ್ತಾದರೂ ಅದು ತಂಬಿಗೆಯವರೆಗೆ ಎಟುಕಲಿಲ್ಲ. ಮೇಕೆ ಹೋಯಿತು. ಅದರ ಬದಲಿಗೆ ಕಂಬಳಿ ಹೊದ್ದು, ಕೈಯಲ್ಲಿ ಟೀ ಕೆಟಲ್ ಹಿಡಿದು, ಸ್ಟೂಲಿನ ಮೇಲೆ ಕೂತಿದ್ದ ಭಂಗಿಯಲ್ಲೇ ಒಬ್ಬ ಮನುಷ್ಯ ಬಂದು ಕುರ್ಚಿಯಲ್ಲಿ ಕೂತ. ಬಾಯಲ್ಲಿ ಕೋಡುಬಳೆಯಿತ್ತು.

ಅವನು ಅದನ್ನು ಪೂರ್ತಿ ಅಗಿದು ನುಂಗಿ, ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿ, "ಎಷ್ಟು ಟೀ?" ಎಂದ.

ಸುಂಕದ ಕಲ್ಲಿನ ಪಕ್ಕ ಟೀ ಅಂಗಡಿ ಇಟ್ಟುಕೊಂಡಿರುವ ಸಣ್ಣೇಗೌಡ ಅವನು. ಅಭ್ಯಾಸಬಲದಿಂದ ಅಲಮೇಲಮ್ಮ ಲೋಟ ತಂದಳು, ಅವನು ಅಭ್ಯಾಸಬಲದಿಂದ ಸುರಿದ. ತಾನೀಗ ಅರಸೀಕೆರೆಯಲ್ಲಿದ್ದೇನೆ ಎಂದು ತಿಳಿದಾಗ ಅವನಿಗೆ ಗಾಬರಿಯಾಗಲಿಲ್ಲ. ಬೆಳಿಗ್ಗೆ ಬೆಂಚಿನ ಮೇಲೆ ಆಕಾಶದಿಂದ ಒಂದು ಗಂಟು ಬಿತ್ತು, ಮೊಳೆಗೆ ನೇತುಹಾಕಿದ್ದೇನೆ, ಆಗಲೇ ಇವತ್ತು ಏನೋ ಇದೆ ಅಂದುಕೊಂಡೆ ಎಂದ. ಗೆಳೆಯರಿಗೆ ಮಾತ್ರ ಮೈ ಜುಮ್ಮೆಂದಿತು. ನಲವತ್ತು ವರ್ಷ ಜಗಳವಾಡಿದ ಪ್ರಶ್ನೆಗೆ ಉತ್ತರ ಹೇಳಬಲ್ಲ ಮನುಷ್ಯ ಎದುರಿಗೇ ಕೂತಿದ್ದಾನೆ! ಸಂಪತ್ಕುಮಾರ ಕುರ್ಚಿಯ ಕೈ ಹಿಡಿದುಕೊಂಡು, ನಿಮ್ಮ ಜಾಗಕ್ಕೆ ಬರೋಕೆ ಯಾವುದು ಒಳ್ಳೆಯದು, ರೈಲೋ ಬಸ್ಸೋ ಜೀಪೋ ಎಂದು ಕೇಳಿದ.

"ನಂಗೇನ್ ಗೊತ್ತು ಸ್ವಾಮಿ?" ಎಂದ ಸಣ್ಣೇಗೌಡ. "ನಾನು ಅಲ್ಲೇ ಹುಟ್ಟಿದೋನು. ಯಾವತ್ತೂ ಅಲ್ಲಿಗೆ ಬಂದೇ ಇಲ್ಲ."

ಅವನನ್ನು ಯಂತ್ರದಲ್ಲೇ ತಿರುಗಿ ಕಳಿಸೋಣ ಎಂದು ಸಂಪತ್ಕುಮಾರ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದ. ಅಲಮೇಲಮ್ಮ ತಡೆದಳು. ಇವರನ್ನು ಕಳಿಸಿದರೆ ಇವರ ಬದಲಿಗೆ ಬರುವುದು ಇವರ ಹೆಂಡತಿಯಾದರೆ? ಸಣ್ಣೇಗೌಡನಿಗೆ ಮೊದಲ ಸಲ ಗಾಬರಿಯಾಯಿತು. "ಬ್ಯಾಡ ಬ್ಯಾಡ, ಅವ್ಳಿಗೆ ಉತ್ತರ ಕೊಡೋರ್ಯಾರು," ಎಂದು ಕುರ್ಚಿಯಿಂದ ಎದ್ದೇಬಿಟ್ಟ.

ಹಾಗಾದರೆ ಇವನನ್ನು ಊರಿಗೆ ಮುಟ್ಟಿಸುವುದು ಹೇಗೆ? ಮೂವರೂ ಜಗಲಿಗೆ ಬಂದು ಕೂತರು. ರೈಲು ಎಂದ ಮರುಳಸಿದ್ದಪ್ಪ. ಬಸ್ಸು ಎಂದ ಸಂಪತ್ಕುಮಾರ. ಜೀಪು ಬಿಟ್ಟು ಏನಾದರೂ ಸರಿ ಎಂದ ದಸ್ತಗೀರ್. ಬಿಸಿಲು ಜಗಲಿಯ ಅಂಚಿಗೆ ಬಂತು. ಸಣ್ಣೇಗೌಡ ಸ್ವಲ್ಪ ಹೊತ್ತು ಒಬ್ಬೊಬ್ಬರ ಮುಖ ನೋಡಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಕೆಟಲ್ ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯಲ್ಲಿ ನಡೆಯತೊಡಗಿದ. ಎಲ್ಲಿಗೆ ಎಂದು ದಸ್ತಗೀರ್ ಬಾಯಿ ತೆರೆದರೆ, ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಎಂದು ಅಲಮೇಲಮ್ಮ ಕಣ್ಣು ಬಿಟ್ಟಳು.

"ದಾರಿ ಗೊತ್ತಾ ಗೌಡ್ರೆ?" ಎಂದು ಮರುಳಸಿದ್ದಪ್ಪ ಕೂಗಿದ.

"ಪಡುವಲಾಗೆ ಹೋಗ್ತಿದ್ರೆ ಘಟ್ಟ ಎಲ್ಲಿ ಹೋಯ್ತದೆ? ಸಿಗಲೇಬೇಕು," ಎಂದು ಅವನು ತಿರುಗದೆಯೇ ಹೇಳಿದ.

ಮರುಳಸಿದ್ದಪ್ಪ ಕೋಲು ತೆಗೆದುಕೊಂಡು ಎದ್ದ. ಅವನ ಗಂಟು ಆಗಲೇ ಹೋಗಿಯಾಗಿತ್ತು, ಸುಂಕದ ಕಲ್ಲಿನ ಅಂಗಡಿಯ ಮೊಳೆಗೆ ತೂಗುತ್ತಿತ್ತು. ಪ್ರಸ್ಥಾನ ಇಟ್ಟವನು ಜಗಲಿಯ ಮೇಲೆ ಕೂತು ಮಾಡುವುದೇನು? ಮಂಡಿ ಟಕ್ ಎಂದಿತು. ಅನ್ನಲಿ ಬಿಡು ಎಂದುಕೊಂಡು ಅವನು ಬೀದಿಗಿಳಿದ. ಇವನೊಬ್ಬನೇ ಹೋಗಿ ಎಲ್ಲಾದರೂ ಬಿದ್ದರೆ ಗತಿಯೇನು ಎಂದು ಗೊಣಗುತ್ತ ಸಂಪತ್ಕುಮಾರ ಹಿಂದೆ ಬಂದ. ಇವರಿಬ್ಬರನ್ನು ಬಿಟ್ಟರೆ ತನಗೆ ಜಗಳಕ್ಕೆ ಯಾರಿದ್ದಾರೆ ಎಂದು ದಸ್ತಗೀರನೂ ಚಪ್ಪಲಿ ಮೆಟ್ಟಿಕೊಂಡ. ಅವಸರದಲ್ಲಿ ಅಲಮೇಲಮ್ಮನಿಗೆ ಹೋಗಿಬರುತ್ತೇವೆ ಎನ್ನುವುದನ್ನೂ ಮರೆತರು. ಒಲೆಯ ಮೇಲೆ ಅವಳು ಪುಳಿಯೋಗರೆಗೆ ಅನ್ನ ಇಟ್ಟಿದ್ದಳು.

ಅವರು ನಡೆದದ್ದನ್ನು ಹೇಳಹೊರಟರೆ ಅದೇ ಇನ್ನೊಂದು ಕತೆಯಾದೀತು. ಮೊದಲ ದಿನ ತೆಂಗಿನ ತೋಟಗಳ ನೆರಳಿನಲ್ಲಿ ಹೋಗುವಾಗ ರೈಲು ಬಸ್ಸುಗಳ ಮಾತೇ ಆಡಿದರು. ಜಾವಗಲ್ಲಿನ ದರ್ಗಾದ ಹತ್ತಿರ ದಸ್ತಗೀರನ ದೂರದ ಅಣ್ಣನ ಮನೆಯಲ್ಲಿ ಮಲಗಿದರು. ಅಲ್ಲಿಂದ ಮುಂದೆ ಮಾತು ತಾನಾಗಿ ಬೇರೆ ಕಡೆಗೆ ತಿರುಗಿತು. ಶಾಲೆಯ ಹಿಂದಿನ ಹುಣಸೆಮರ, ಸ್ಟೇಷನ್ ಮಾಸ್ಟರರ ಗದರಿಕೆ, ಉಸ್ತಾದನ ಹೊಡೆತ, ಮೂವರೂ ಒಟ್ಟಿಗೇ ಫೇಲಾದ ಗಣಿತದ ಪರೀಕ್ಷೆ. ಯಂತ್ರ ತೊಟ್ಟು ತೊಟ್ಟಾಗಿ ಕೊಟ್ಟದ್ದು ಈಗ ಬಿಂದಿಗೆಗಟ್ಟಲೆ ಸುರಿಯುತ್ತಿತ್ತು. ಮರುಳಸಿದ್ದಪ್ಪನಿಗೆ ಆ ದಿನಗಳು ಮುಗಿಯದಿರಲಿ ಅನ್ನಿಸಿತು. ಹಳೇಬೀಡಿನ ಕೆರೆ ಏರಿಯ ಮೇಲೆ ಅವನ ಮಂಡಿಗೆ ಸಣ್ಣೇಗೌಡ ಯಾವುದೋ ಸೊಪ್ಪು ಕಟ್ಟಿದ. ಬೇಲೂರು ದಾಟಿದ ಮೇಲೆ ದಿನದ ಲೆಕ್ಕ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಸಂಜೆಯಾದಲ್ಲಿ ಯಾವುದಾದರೂ ಶಾಲೆಯ ಜಗಲಿ ಸಿಗುತ್ತಿತ್ತು, ಬೆಳಿಗ್ಗೆ ಸಣ್ಣೇಗೌಡನ ಕೆಟಲ್ಲು ಕುದಿಯುತ್ತಿತ್ತು. ಅವರನ್ನು ಎಷ್ಟೋ ಬಸ್ಸುಗಳು ದಾಟಿ ಹೋದವು. ಕೈ ಅಡ್ಡ ಹಿಡಿಯೋಣವೇ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಯಾವ ಬಸ್ಸಿಗೆ ಎಂದು ಜಗಳವಾಗುತ್ತಿತ್ತು.

ಕೊನೆಯ ಏರು ಮುಗಿದು, ಎದುರಿಗೆ ಆಕಾಶವೇ ಕೆಳಗಿಳಿದ ಹಾಗೆ ಘಟ್ಟ ತೆರೆದುಕೊಂಡಾಗ, ಮೂವರೂ ನಿಂತರು. ಬೀಸುವ ಗಾಳಿಯಲ್ಲಿ ಎಲ್ಲೋ ಮೇಕೆಯ ಗಂಟೆ ಕೇಳಿಸಿತು. ಮರುಳಸಿದ್ದಪ್ಪನಿಗೆ ಅಳು ಬಂತು. ಈ ಸಲ ಇದ್ದಿಲ ಕಿಡಿಯ ನೆವವೂ ಇರಲಿಲ್ಲ, ಅವನು ಸುಮ್ಮನೆ ಅತ್ತ. ಸಂಪತ್ಕುಮಾರ ಅವನ ಬೆನ್ನ ಮೇಲೆ ಕೈಯಿಟ್ಟ.

ಸಣ್ಣೇಗೌಡನ ಅಂಗಡಿ ಇತ್ತು. ಮೊಳೆಯಲ್ಲಿ ಪ್ರಸ್ಥಾನದ ಗಂಟು ತೂಗುತ್ತಿತ್ತು. ಬೆಂಚಿನ ಮೇಲೆ, ಸಣ್ಣೇಗೌಡನ ಹೆಂಡತಿಯ ಪಕ್ಕದಲ್ಲಿ, ಕಾಲು ಮಡಚಿ ಕೂತು ಹೇರಳೆಕಾಯಿ ಹೆಚ್ಚುತ್ತಿದ್ದವಳು ಅಲಮೇಲಮ್ಮ!

"ಅಕ್ಕಾ! ನೀನು ಹೇಗೆ ಬಂದೆ?" ಎಂದ ಸಂಪತ್ಕುಮಾರ.

ಬುತ್ತಿ ಕಟ್ಟಿ ತರುವಷ್ಟರಲ್ಲಿ ಜಗಲಿ ಖಾಲಿ, ಬೀದಿಯೂ ಖಾಲಿ ಎಂದು ಅವಳು ಹೇಳಿದಳು. ನಲವತ್ತು ವರ್ಷ ಬುತ್ತಿ ಕಟ್ಟಿಕೊಟ್ಟೆ. ನೀನೂ ಬರುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ, ಕೇಳಿದ್ದರೆ ಮೊದಲ ವರ್ಷವೇ ಬರುತ್ತಿದ್ದೆ. ಈ ಸಲ ಬುತ್ತಿಯನ್ನಾದರೂ ಮುಟ್ಟಿಸೋಣವೆಂದು ಗ್ಯಾರೇಜಿಗೆ ಹೋಗಿ, ತಂಬಿಗೆಯನ್ನು ಬಿಚ್ಚಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ಕುಕ್ಕರು ಕೂಗಿತು. ನೀವು ಇನ್ನೂ ಅರಸೀಕೆರೆಯ ಗೇಟು ದಾಟಿರಲಿಲ್ಲ, ನಾನು ಇಲ್ಲಿದ್ದೆ. ನಿಮಗಾಗಿ ದಿನಾ ಒಂದು ಸಲ ಪುಳಿಯೋಗರೆ ಕಲಸುತ್ತಿದ್ದೇನೆ ಎಂದಳು. ಹೇಳುವಾಗ ಅವಳ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಹುಡುಗಿಯೊಬ್ಬಳ ಕಳೆಯಿತ್ತು. ಮೂವರು ಗಂಡಸರೂ ತಲೆ ತಗ್ಗಿಸಿದರು.

ಮರುಳಸಿದ್ದಪ್ಪ ಕಣ್ಣೊರೆಸಿಕೊಂಡು ಸುತ್ತ ನೋಡಿದ. ಕಟ್ಟೆ ಇತ್ತು, ಚಾರಣದವರ ಬಾಣದ ಗುರುತಿತ್ತು, ಕೆಳಗಿಳಿಯುವ ಕಾಲುದಾರಿ ಇತ್ತು. ಕಟ್ಟೆಯ ನಡುವೆ ಆಳವಾದ ಒಂದು ಗುಂಡಿಯೂ ಇತ್ತು.

"ಅಕ್ಕ, ಸುಂಕದ ಕಲ್ಲೆಲ್ಲಿ?"

ಅಲಮೇಲಮ್ಮ ಹೇರಳೆಕಾಯಿಯಿಂದ ಕಣ್ಣೆತ್ತಲಿಲ್ಲ. "ಡಬ್ಬ ಖಾಲಿ ಹೋಗೋದುಂಟೇನೋ? ನಾನು ಇಲ್ಲಿಗೆ ಬಂದೆ, ಅದು ಗ್ಯಾರೇಜಿಗೆ ಹೋಗಿರುತ್ತೆ."

ಅದು ಅರ್ಥವಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು. ಚಾರಣದವರ ಕಟ್ಟಳೆಯ ಪ್ರಕಾರ ಕಲ್ಲಿದ್ದಲ್ಲಿಂದ ದಾರಿ ಶುರು. ಕಲ್ಲು ಈಗ ಅರಸೀಕೆರೆಯ ಆರಾಮಕುರ್ಚಿಯಲ್ಲಿ, ಬಹುಶಃ ಕುರ್ಚಿಯನ್ನು ಮುರಿದುಕೊಂಡು, ಎತ್ತಿನ ಚಿತ್ರ ಬಾಗಿಲ ಕಡೆಗೆ ಮಾಡಿ ನಿಂತಿದೆ. ಅಂದರೆ ಅವರು ಇಷ್ಟು ದಿನ ನಡೆದದ್ದು ದಾರಿಯ ಬುಡಕ್ಕೆ ಬರುವುದಕ್ಕಲ್ಲ, ದಾರಿಯಲ್ಲೇ! ದಸ್ತಗೀರ್ ನಕ್ಕು ನಕ್ಕು ಬೆಂಚಿನ ಮೇಲೆ ಕುಕ್ಕರಿಸಿದ. ಮರುಳಸಿದ್ದಪ್ಪನಿಗೆ ನಗು ಬರುವ ಮೊದಲು ತಾತ ನೆನಪಾದ. ತಾತನ ಎತ್ತುಗಳು ರೈಲು ಹತ್ತಿ ಸುಂಕದ ಕಲ್ಲಿಗೆ ಬರುತ್ತಿದ್ದವೇ? ಹಟ್ಟಿಯ ಬಾಗಿಲಿಂದಲೇ ಅವು ನಡೆಯುತ್ತಿದ್ದವು. ದಾರಿ ಶುರುವಾಗುತ್ತಿದ್ದದ್ದು ಅಲ್ಲಿಂದ. ಇಲ್ಲಿ ಸುಂಕ ಕಟ್ಟುತ್ತಿದ್ದರು, ಅಷ್ಟೆ. ಇಷ್ಟು ಸಣ್ಣ ವಿಷಯ ತಿಳಿಯಲು ನಲವತ್ತು ಬುತ್ತಿ ಖರ್ಚಾಗಿತ್ತು.

ಕಟ್ಟೆಯ ಮೇಲೆ ಕೂತು ಎಲ್ಲರೂ ಪುಳಿಯೋಗರೆ ತಿಂದರು. ಜಗಲಿಯ ಮೇಲಲ್ಲದೆ ಬೇರೆ ಕಡೆ ತಿಂದದ್ದು ಅದೇ ಮೊದಲು. ಮಂಡಿ ಕೆಳಗಿನ ತನಕ ಬರುತ್ತದೋ ಇಲ್ಲವೋ ಎಂಬ ಚಿಂತೆ ಮರುಳಸಿದ್ದಪ್ಪನಿಗೆ ಈಗ ಇರಲಿಲ್ಲ. ಗೆಳೆಯರ ಜೊತೆ ತಾತನ ದಾರಿಯಲ್ಲಿ ನಡೆದದ್ದಂತೂ ಆಗಿತ್ತು. ಇನ್ನು ಎಷ್ಟು ಸಿಕ್ಕಿದರೂ ಲಾಭವೇ. ಅಲಮೇಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಳಿದ ಬುತ್ತಿಯನ್ನು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಕಾಲುದಾರಿಗೆ ಇಳಿದಳು. ಅವಳ ಹಿಂದೆ ಕೋಲೂರಿಕೊಂಡು ಅವನು, ಅವನ ಹಿಂದೆ ಉಳಿದವರಿಬ್ಬರು.

ಹತ್ತು ಹೆಜ್ಜೆ ಹೋಗಿರಬೇಕು, ಸಂಪತ್ಕುಮಾರ ಕೆಮ್ಮಿದ. ಅದೆಲ್ಲ ಸರಿ, ಸಮುದ್ರ ಮುಟ್ಟಿದ ಮೇಲೆ ವಾಪಸು ಊರಿಗೆ ಹೋಗುವುದು ಹೇಗೆ, ಬಸ್ಸಾದರೆ ಎಂದು ಶುರುಮಾಡಿದ. ರೈಲು ಎಂದ ಮರುಳಸಿದ್ದಪ್ಪ ತಡೆಯಲಾರದೆ. ಜೀಪು ಮಾತ್ರ ಬೇಡ ಎಂದ ದಸ್ತಗೀರ್.

"ಅದನ್ನ ತೀರ್ಮಾನ ಮಾಡೋಕೆ ನಿಮಗೆ ಇನ್ನೂ ನಲವತ್ತು ವರ್ಷ ಬೇಕು," ಎಂದಳು ಅಲಮೇಲಮ್ಮ, ತಿರುಗಿ ನೋಡದೆ. "ಈಗ ನಡೀರಿ."